ಬಿರುಕು ಬಿಟ್ಟ ಒಲೆ: ಒಡೆದು ಹೊಸತು ಮಾಡುವುದಾ, ರಿಪೇರಿ ಸಾಕಾ? ನನ್ನ ಅನುಭವ

ನಮ್ಮ ಮನೆ ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ. ಗ್ಯಾಸ್ ಉಂಟು, ಆದ್ರೂ ಕುಚ್ಚಲಕ್ಕಿ ಅನ್ನ ಮತ್ತೆ ಸ್ನಾನದ ನೀರು ಎರಡೂ ಕಟ್ಟಿಗೆ ಒಲೆಯಲ್ಲೇ ಆಗುವುದು, ಯಾಕಂದ್ರೆ ಕುಚ್ಚಲಕ್ಕಿ ಬೇಯ್ಲಿಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು, ತೋಟದಲ್ಲಿ ತೆಂಗಿನ ಮಡಲು (ಗರಿ), ಕೊತ್ತಳಿಗೆ (ಗರಿಯ ಬುಡ), ಗೆರಟೆ (ಚಿಪ್ಪು) ಎಲ್ಲ ಬಿದ್ದು ಹಾಳಾಗುವಾಗ ಅಷ್ಟೊತ್ತು ಸಿಲಿಂಡರ್ ಉರಿಸ್ಲಿಕ್ಕೆ ಮನಸ್ಸು ಬರುವುದಿಲ್ಲ. ಅಡುಗೆಗೆ ಇರುವುದು ಮೂರು ಪಾತ್ರೆ ಇಡುವ ಹಳೆ ಅಸ್ತ್ರ ಒಲೆ, ಮಣ್ಣು ಇಟ್ಟಿಗೆಯಲ್ಲಿ ಕಟ್ಟಿದ್ದು. ಕಳೆದ ಮಳೆಗಾಲ ಮುಗಿಯುವಷ್ಟರಲ್ಲಿ ಅದರ ಬೆಂಕಿ ಗೂಡಿನ ಎರಡು ಮೂಲೆಯಿಂದ ಬಿರುಕು ಹೊರಟು ಮೊದಲನೇ ಪಾತ್ರೆಯ ಬಾಯಿವರೆಗೆ ಹೋಗಿತ್ತು, ಒಳಗೋಡೆ ಉದುರ್ತಿತ್ತು, ಹೊಗೆ ಕೊಳವೆ ಬಿಟ್ಟು ಕೋಣೆಗೇ ಬರ್ಲಿಕ್ಕೆ ಶುರುವಾಗಿತ್ತು.

ನೋಡಿದವರೆಲ್ಲ ಹೇಳಿದ್ದು ಒಂದೇ, ಒಡೆದು ಹಾಕಿ, ಈಗ ರೆಡಿಮೇಡ್ ಕಬ್ಬಿಣದ ಒಲೆ ಸಿಗ್ತದಲ್ಲ ಅಂತ. ಅಮ್ಮನಿಗೆ ಸುತಾರಾಂ ಇಷ್ಟ ಇಲ್ಲ. ನನಗೂ ಒಂದು ಕಾರಣ ಇತ್ತು. ಅಸ್ತ್ರ ಅಂದ್ರೆ ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತಲೇ ಶುರುವಾದ ವಿಭಾಗ, ಈ ಒಲೆಯ ಅಳತೆ ಅವರು ಲೆಕ್ಕ ಹಾಕಿ ಇಟ್ಟದ್ದು. ಬೆಂಕಿ ಗೂಡು ಎಷ್ಟು ಅಗಲ, ಕಟ್ಟಿಗೆ ಉರಿಯುವ ಜಾಲರಿಯಿಂದ ಪಾತ್ರೆಯ ತಳಕ್ಕೆ ಎಷ್ಟು ಎತ್ತರ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಿಸಿ ಹೋಗುವ ದಾರಿ ಎಷ್ಟು ಸಣ್ಣದು, ಎಲ್ಲದಕ್ಕೂ ಲೆಕ್ಕ ಉಂಟು. ಒಡೆದು ಅಂದಾಜಿನ ಮೇಲೆ ಮತ್ತೆ ಕಟ್ಟಿದ್ರೆ ನೋಡ್ಲಿಕ್ಕೆ ಹಾಗೇ ಕಾಣ್ತದೆ, ಆದ್ರೆ ಕಟ್ಟಿಗೆ ಜಾಸ್ತಿ ತಿನ್ನುವ ಒಲೆ ಆಗ್ತದೆ.

ಹಾಗಾಗಿ ಮೊದಲು ನೋಡಿದ್ದು ಬಿರುಕು ಎಷ್ಟು ದೊಡ್ಡದು ಅಂತಲ್ಲ, ಯಾಕೆ ಬಂತು ಅಂತ. ಬೂದಿ ಪೂರಾ ತೆಗೆದು ಟಾರ್ಚ್ ಹಾಕಿ ನೋಡುವಾಗ ಗೊತ್ತಾಯ್ತು, ಎರಡೂ ಬಿರುಕು ಹೊರಟದ್ದು ಬೀಡು ಕಬ್ಬಿಣದ ಜಾಲರಿಯ ತುದಿ ಗೋಡೆಗೆ ತಾಗುವಲ್ಲಿಂದ. ಯಾವಾಗಲೋ ಯಾರೋ ಜಾಲರಿ ಅಲ್ಲಾಡ್ತದೆ ಅಂತ ಸುತ್ತ ಸಿಮೆಂಟ್ ಹಾಕಿ ಬಿಗಿ ಮಾಡಿದ್ದಾರೆ. ಒಂದಡಿ ಉದ್ದದ ಕಬ್ಬಿಣ ಐನೂರು ಡಿಗ್ರಿ ಬಿಸಿಯಾದ್ರೆ ಒಂದೂವರೆ ಮಿಲಿಮೀಟರಿನ ಮೇಲೆಯೇ ಉದ್ದ ಆಗ್ತದೆ, ಅದಕ್ಕೆ ಹೋಗ್ಲಿಕ್ಕೆ ಜಾಗ ಇಲ್ಲದಿದ್ರೆ ದಿನಾ ಗೋಡೆಯನ್ನು ದೂಡ್ತದೆ, ಮಣ್ಣಿನ ಗೋಡೆ ಎಷ್ಟು ದಿನ ತಡೀತದೆ ಹೇಳಿ. ಇದನ್ನು ಬಿಟ್ಟು ಹೊಸ ಒಲೆ ಕಟ್ಟಿಸಿದ್ರೂ ಅದೇ ಜಾಗದಲ್ಲಿ ಅದೇ ಬಿರುಕು ಬರ್ತಿತ್ತು.

ಆಮೇಲೆ ಒಲೆಯ ಮೈ ಗಟ್ಟಿ ಉಂಟಾ ಅಂತ ನೋಡಿದೆ. ಮರದ ತುಂಡಿನಿಂದ ಸುತ್ತ ಮೆಲ್ಲ ಬಡಿಯುತ್ತಾ ಹೋದ್ರೆ ಒಳಗೆ ಬಿಟ್ಟುಕೊಂಡ ಕಡೆ ಪೊಳ್ಳು ಶಬ್ದ ಬರ್ತದೆ, ನಮ್ಮದರಲ್ಲಿ ಅದು ಬೆಂಕಿ ಗೂಡಿನ ಸುತ್ತ ಮಾತ್ರ ಬಂತು. ಮತ್ತೆ ಸ್ವಲ್ಪ ಬೆಂಕಿ ಮಾಡಿ ಮೇಲೆ ಹಸಿ ತೆಂಗಿನ ಸಿಪ್ಪೆ ಹಾಕಿ ದಟ್ಟ ಹೊಗೆ ಎಬ್ಬಿಸಿ, ಪಾತ್ರೆ ಮೂರೂ ಇಟ್ಟು ಎಲ್ಲಿಂದ ಹೊಗೆ ಬರ್ತದೆ ಅಂತ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ (ಕಿಟಕಿ ಬಾಗಿಲು ತೆಗೆದಿಟ್ಟೇ ಮಾಡಿ). ಎರಡು, ಮೂರನೇ ಪಾತ್ರೆಯ ಹತ್ತಿರ ಒಂದು ಎಳೆ ಹೊಗೆಯೂ ಇಲ್ಲ. ಅಲ್ಲಿಗೆ ನನಗೆ ತೀರ್ಮಾನ ಆಯ್ತು, ಒಡೆಯುವುದು ಬೇಡ. ಬೆಂಕಿ ಗೂಡು ಹೇಗೂ ಸವೆಯುವ ಜಾಗ, ಅದನ್ನು ಬದಲಿಸಿದ್ರೆ ಸಾಕು. ಅಡಿಪಾಯ ಕೂತಿದ್ರೆ, ಅಥವಾ ಪಾತ್ರೆಗಳ ಮಧ್ಯದ ಹೊಗೆ ದಾರಿಯೇ ಕುಸಿದಿದ್ರೆ ನಾನೇ ಒಡೆಸ್ತಿದ್ದೆ.

ಮೇಸ್ತ್ರಿ ಬಂದವರು "ಕೆಂಪುಕಲ್ಲು ಕೆತ್ತಿ ಕೂರಿಸುವ, ಸಿಮೆಂಟ್ ಗಾರೆ ಮಾಡುವ" ಅಂದ್ರು. ಎರಡೂ ಬೇಡ ಅಂದೆ. ಕೆಂಪುಕಲ್ಲು ಅಂದ್ರೆ ಜಂಬಿಟ್ಟಿಗೆ, ಅದರ ಕಬ್ಬಿಣದ ಅಂಶದಲ್ಲಿ ಸೇರಿಕೊಂಡ ನೀರು ಮುನ್ನೂರು ಡಿಗ್ರಿ ಆಸುಪಾಸಿಗೆ ಬಿಟ್ಟುಹೋಗ್ತದೆ, ಕಲ್ಲು ಪುಡಿ ಪುಡಿ ಆಗ್ಲಿಕ್ಕೆ ಶುರುವಾಗ್ತದೆ, ಹೊರಗೋಡೆಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಆದ್ರೆ ನೇರ ಬೆಂಕಿಗೆ ಆಗ್ಲಿಕ್ಕಿಲ್ಲ. ಸಿಮೆಂಟ್ ಸಹ ನಾನೂರು ಐನೂರು ಡಿಗ್ರಿಯಲ್ಲಿ ಬಲ ಕಳ್ಕೊಳ್ತದೆ. ಒಳಗೆ ಫೈರ್ ಬ್ರಿಕ್ (ಬೆಂಕಿ ತಡೆಯುವ ಇಟ್ಟಿಗೆ) ತರಿಸಿದ್ವಿ, ಇಟ್ಟಿಗೆಗಳ ಮಧ್ಯಕ್ಕೆ ಫೈರ್ ಕ್ಲೇ (ಬೆಂಕಿ ತಡೆಯುವ ಜೇಡಿಮಣ್ಣು) ತೆಳ್ಳಗೆ. ಇಟ್ಟಿಗೆ ದಪ್ಪ ಅಂತ ಗೂಡು ಸಣ್ಣದಾಗಬಾರದು, ಅದಕ್ಕೆ ಉದುರ್ತಿದ್ದ ಹಳೆ ಮಣ್ಣನ್ನು ಅಷ್ಟೇ ದಪ್ಪಕ್ಕೆ ಕೆತ್ತಿ ತೆಗೆದದ್ದು. ಅಳತೆಗೆ ಸವೆಯದೆ ಉಳಿದ ಹಿಂದಿನ ಭಾಗವನ್ನೇ ಹಿಡಿದ್ವಿ. ಜಾಲರಿಯ ಸುತ್ತ ಈಗ ಒಂದು ಬೆರಳು ಹೋಗುವಷ್ಟು ಸಂದು ಬಿಟ್ಟಿದ್ದೇವೆ, ಬೂದಿ ತುಂಬ್ತದೆ, ತುಂಬ್ಲಿ, ಬೂದಿ ಮೆತ್ತಗೆ ಇರ್ತದೆ.

ಹೊರಗಿನ ಬಿರುಕಿಗೆ ಹುತ್ತದ ಮಣ್ಣು, ಮರಳು, ಭತ್ತದ ಉಮಿ, ಸ್ವಲ್ಪ ಸೆಗಣಿ ಸೇರಿಸಿ ನೀರಲ್ಲಿ ಕೊಳೆ ಹಾಕಿ ಇಟ್ಟದ್ದು. ಇದು ಪೂರಾ ಅಮ್ಮನ ಕೆಲಸ, ಹದ ಅವರಿಗೇ ಗೊತ್ತು. ಬಿರುಕಿನ ಮೇಲೆ ಸುಮ್ಮನೆ ಸವರಿದ್ರೆ ನಿಲ್ಲುವುದಿಲ್ಲ, ಅಗಲ ಮಾಡಿ ಕೆತ್ತಬೇಕು, ಧೂಳು ತೆಗೀಬೇಕು, ಮುಖ್ಯವಾಗಿ ಹಳೆ ಮಣ್ಣಿಗೆ ನೀರು ಚೆನ್ನಾಗಿ ಕುಡಿಸಬೇಕು, ಇಲ್ಲದಿದ್ರೆ ಅದು ಹೊಸ ಮಣ್ಣಿನ ನೀರನ್ನು ಎಳ್ಕೊಂಡು ತೇಪೆ ಹಪ್ಪಳದ ಹಾಗೆ ಎದ್ದು ಬರ್ತದೆ. ತೆಳ್ಳಗೆ ಮೆತ್ತಿ, ಒಣಗಿಸಿ, ಮತ್ತೆ ಮೆತ್ತಿ. ಪೂರಾ ಒಣಗಿದ ಮೇಲೂ ಒಮ್ಮೆಲೇ ದೊಡ್ಡ ಬೆಂಕಿ ಹಾಕ್ಲಿಲ್ಲ, ಮೊದಮೊದಲು ಗೆರಟೆಯ ಸಣ್ಣ ಬೆಂಕಿ ಮಾತ್ರ.

ಹೊಗೆ ಕೊಳವೆ ಮಾತ್ರ ಹೊಸತೇ ಹಾಕಿದ್ದು. ಹಳೆಯದು ಎಸಿ ಪೈಪು, ಅಂದ್ರೆ ಆಸ್ಬೆಸ್ಟಾಸ್ ಸಿಮೆಂಟಿನದ್ದು, ಆಸ್ಬೆಸ್ಟಾಸಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ, ಹಾಗಾಗಿ ದಯವಿಟ್ಟು ಕತ್ತರಿಸ್ಲಿಕ್ಕೆ, ಸುತ್ತಿಗೆಯಲ್ಲಿ ಒಡೀಲಿಕ್ಕೆ ಹೋಗಬೇಡಿ. ಮಾಸ್ಕ್ ಹಾಕಿ, ನೀರು ಹಾಕಿ ಒದ್ದೆ ಮಾಡಿ, ಇಡೀ ಪೈಪನ್ನು ಹಾಗೇ ಇಳಿಸಿ ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟೆವು. ಹೊಸತು ಸ್ಟೀಲಿನದ್ದು. ಜಿಐ (ಸತು ಲೇಪಿಸಿದ ಕಬ್ಬಿಣ) ಕಡಿಮೆಗೆ ಬರ್ತದೆ, ಆದ್ರೆ ಹೊಗೆಯ ಆಮ್ಲಕ್ಕೆ ಸತುವಿನ ಲೇಪ ಹೋಯ್ತು ಅಂದ್ರೆ ಈ ಕಡಲ ಗಾಳಿಗೆ ತುಕ್ಕು ಬೇಗ. ಅಗಲ ಹಳೆಯದರಷ್ಟೇ ಇರಬೇಕು, ಸಣ್ಣದು ಹಾಕಿದ್ರೆ ಎಳೆತ ಕಡಿಮೆ ಆಗ್ತದೆ. ಹಂಚಿನ ಮಾಡಿನಿಂದ ಮೂರಡಿ ಮೇಲೆ ಹೋಗಿ ತಲೆಗೆ ಟೊಪ್ಪಿ ಹಾಕಿಸಿದೆ, ಇಲ್ಲಿ ವರ್ಷಕ್ಕೆ 4000 ಮಿ.ಮೀ. ಹತ್ತಿರ ಮಳೆ, ಕೊಳವೆಯಲ್ಲಿ ನೀರಿಳಿದ್ರೆ ಮಣ್ಣಿನ ಒಲೆ ಕೆಳಗಿನಿಂದ ಕರಗ್ತದೆ. ಈಗ ಒಲೆಯ ಬಾಯಿಯ ಹತ್ತಿರ ಊದುಬತ್ತಿ ಹಿಡಿದ್ರೆ ಹೊಗೆ ಸೀದಾ ಒಳಗೆ ಹೋಗ್ತದೆ. ಒಟ್ಟು ಖರ್ಚು ಹೊಸ ಒಲೆಗೆ ಹೇಳಿದ ರೇಟಿನ ಅರ್ಧಕ್ಕಿಂತ ಕಡಿಮೆ, ಅದ್ರಲ್ಲೂ ಹೆಚ್ಚಿನದ್ದು ಪೈಪಿಗೆ.

ಬಚ್ಚಲಿನ ಒಲೆಯನ್ನೂ ಅದೇ ಸಮಯಕ್ಕೆ ನೋಡಿದೆ, ಅದು ಕಬ್ಬಿಣದ ತಗಡಿನದ್ದು, ಅದನ್ನು ಉಳಿಸ್ಲಿಲ್ಲ. ಸ್ಕ್ರೂಡ್ರೈವರ್ ಒತ್ತಿದಲ್ಲೆಲ್ಲ ತಗಡು ಬಗ್ತಿತ್ತು, ತಳದಲ್ಲಿ ಎರಡು ಕಡೆ ತೂತೇ ಆಯ್ತು. ಬೂದಿ ತೇವ ಎಳ್ಕೊಂಡು ಕೂತರೆ ಕಬ್ಬಿಣ ತಿನ್ನುವುದು ಹಾಗೇ. ಅಷ್ಟು ತೆಳ್ಳಗಾದ ತಗಡಿಗೆ ವೆಲ್ಡಿಂಗ್ ಮಾಡ್ಲಿಕ್ಕೆ ಹೋದ್ರೆ ತೂತು ಇನ್ನೂ ದೊಡ್ಡದಾಗ್ತದೆ, ತುಂಬಿದ ಹಂಡೆಯ ಭಾರ ಮೇಲೆ ಕೂರುವುದು ಬೇರೆ, ಕುಸಿದು ಕುದಿಯುವ ನೀರು ಮಕ್ಕಳ ಮೇಲೆ ಬಿದ್ರೆ ಯಾರು ಹೊಣೆ. ಹೊಸತಕ್ಕೆ ದಪ್ಪ ತಗಡು ಹೇಳಿದೆ, ಬೂದಿ ಟ್ರೇ ಹೊರಗೆ ಎಳೀಲಿಕ್ಕೆ ಆಗುವ ಹಾಗೆ, ಬೆಂಕಿ ತಾಗುವ ತಟ್ಟೆಯನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಕೂರಿಸಿ ಅಂತ. ಮುಂದೆ ಸುಟ್ಟು ಹೋದ್ರೆ ಆ ತಟ್ಟೆ ಒಂದನ್ನೇ ಬಿಚ್ಚಿ ಬದಲಿಸಬಹುದು.