ಸೂಪರ್‌ಹೀರೋನ ಕೇಪ್ ಕತ್ತರಿಸುವ ಕೆಲಸ

ಸೂಪರ್‌ಹೀರೋ ಸಿನಿಮಾ ಅಂದರೆ ಎಲ್ಲವನ್ನೂ ಕಂಪ್ಯೂಟರೇ ಮಾಡಿಬಿಡುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ಮನೆಯವರೂ ಹಾಗೇ. ಆದರೆ ಹೀರೋ ಮೋಡದ ಮೇಲೆ ಹಾರಬೇಕಾದರೆ ಮೊದಲು ಯಾರೋ ಒಬ್ಬರು ಅವನನ್ನು ಸೆಟ್‌ನಿಂದ ಕತ್ತರಿಸಿ ತೆಗೆಯಬೇಕು. ಆ ಕತ್ತರಿಸುವವನು ನಾನು. ಈ ಕೆಲಸಕ್ಕೆ ರೋಟೋ ಅಂತಾರೆ. ಹೀರೋನನ್ನು ಎತ್ತಿ ಹಿಡಿದ ತಂತಿ, ಹಿಂದೆ ಇಣುಕುವ ಕ್ರೇನ್, ಮುಖದ ಮೇಲೆ ಅಂಟಿಸಿದ ಚುಕ್ಕೆ, ಇವನ್ನೆಲ್ಲ ಅಳಿಸುವುದು ಪೇಂಟ್. ಎರಡನ್ನೂ ಮಾಡುತ್ತೇನೆ. ಬೆಂಗಳೂರಲ್ಲಿ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಲಂಡನ್ನಿನಲ್ಲೋ ವ್ಯಾಂಕೂವರ್‌ನಲ್ಲೋ ಕಾಂಪ್ ಮಾಡುವವರು, ಅಂದರೆ ಬೇರೆ ಬೇರೆ ತುಂಡುಗಳನ್ನು ಜೋಡಿಸಿ ಒಂದೇ ಚಿತ್ರ ಮಾಡುವವರು, ಬೆಳಿಗ್ಗೆ ಬಂದು ಕೂರುವಷ್ಟರಲ್ಲಿ ನಮ್ಮ ಶಾಟ್ ಅಲ್ಲಿಗೆ ತಲುಪಿರಬೇಕು.

"ಹಸಿರು ಪರದೆ ಹಾಕಿರ್ತಾರಲ್ವಾ, ಬಟನ್ ಒತ್ತಿದ್ರೆ ಆಯ್ತು" ಅಂತ ಕೇಳುವವರಿದ್ದಾರೆ. ಪರದೆ ಇರುತ್ತೆ. ಆದರೆ ಹೀರೋನ ಕಾಲು ಪರದೆಯಿಂದ ಆಚೆ ಹೋಗಿರುತ್ತೆ. ಹಸಿರು ಬೆಳಕು ಅವನ ಬಟ್ಟೆಯ ಅಂಚಿಗೂ ಬಡಿದಿರುತ್ತೆ. ಕೈ ಜೋರಾಗಿ ಬೀಸಿದರೆ ಬೆರಳು ಮಸುಕಾಗಿ ಹಸಿರಿನ ಜೊತೆ ಕಲಸಿಹೋಗಿರುತ್ತೆ. ಅಂಥ ಕಡೆ ಕೈಯಲ್ಲೇ ಗೆರೆ ಎಳೆಯಬೇಕು. ಬೇರೆ ದಾರಿ ಇಲ್ಲ.

ಒಂದು ಶಾಟ್ ಬಗ್ಗೆ ಹೇಳುತ್ತೇನೆ. ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ ಸಿನಿಮಾದ ಹೆಸರು ಹೇಳುವಂತಿಲ್ಲ. ಹೀರೋ ಗಾಳಿಯಲ್ಲಿ ನಿಂತಿದ್ದಾನೆ, ಫ್ಯಾನ್ ಹಚ್ಚಿದ್ದಾರೆ, ಹೆಗಲಿಂದ ಇಳಿಬಿಟ್ಟ ಬಟ್ಟೆ, ಅಂದರೆ ಕೇಪ್, ಪಟಪಟ ಅಂತ ಹಾರುತ್ತಿದೆ. ಸುಮಾರು 6 ಸೆಕೆಂಡಿನ ಶಾಟ್. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 144 ಫ್ರೇಮ್. ನಮ್ಮಲ್ಲಿ ಫ್ರೇಮಿನ ಎಣಿಕೆ 1ರಿಂದ ಶುರುವಾಗಲ್ಲ, 1001ರಿಂದ. ಎಡಿಟಿಂಗ್‌ನಲ್ಲಿ ಶಾಟ್‌ನ ಶುರುವಿಗೆ ನಾಲ್ಕು ಫ್ರೇಮ್ ಸೇರಿಸಿದರೂ ಎಣಿಕೆ ಮೈನಸ್‌ಗೆ ಹೋಗಬಾರದು ಅಂತ.

ಇಡೀ ಮನುಷ್ಯನ ಸುತ್ತ ಒಂದೇ ಗೆರೆ ಎಳೆದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ತಲೆ ಬೇರೆ, ಕುತ್ತಿಗೆ ಬೇರೆ, ತೋಳು, ಮುಂಗೈ, ಅಂಗೈ, ಒಂದೊಂದು ಬೆರಳೂ ಬೇರೆ. ನಾನು ಮೊದಲು ಶಾಟನ್ನು ಸುಮ್ನೆ ಓಡಿಸಿ ನೋಡುತ್ತೇನೆ. ತೋಳು ಮೇಲೆ ಹೋಗಿ ಎಲ್ಲಿ ತಿರುಗುತ್ತೆ, ಎಲ್ಲಿ ನಿಲ್ಲುತ್ತೆ? ಆ ಫ್ರೇಮ್‌ಗಳಲ್ಲಿ ಮಾತ್ರ ಗೆರೆ ಕೂರಿಸುತ್ತೇನೆ. ಅವೇ ಕೀಫ್ರೇಮ್. ಎರಡು ಕೀಫ್ರೇಮ್ ನಡುವಿನ ಚಲನೆಯನ್ನು ಸಾಫ್ಟ್‌ವೇರ್ ತುಂಬಿಕೊಡುತ್ತೆ. ಎಲ್ಲಿ ತಪ್ಪಿದೆಯೋ ಅಲ್ಲಿ, ಸರಿಯಾಗಿ ಮಧ್ಯದಲ್ಲಿ, ಇನ್ನೊಂದು. ಸಾಲದಿದ್ದರೆ ಅದರ ಅರ್ಧಕ್ಕೆ ಮತ್ತೊಂದು. ಹೊಸಬರು ಪ್ರತಿ ಫ್ರೇಮಿಗೂ ಗೆರೆ ತಿದ್ದುತ್ತಾ ಹೋಗುತ್ತಾರೆ. ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದರೆ ಎಲ್ಲ ಸರಿಯಾಗೇ ಇರುತ್ತೆ. ಓಡಿಸಿದಾಗ ಅಂಚು ಗಿಜಿಗಿಜಿ ಅಂತ ನಡುಗುತ್ತೆ. "ಮಗಾ, ಅಂಚು ಕುದೀತಿದೆ ನೋಡು. ಅರ್ಧ ಕೀ ಡಿಲೀಟ್ ಮಾಡು" ಅನ್ನುವುದು ನಮ್ಮ ಲೀಡ್ ದಿನಾ ಹೇಳುವ ಮಾತು.

ಕೇಪ್ ಬಂದಾಗ ಈ ಲೆಕ್ಕ ಜಾಸ್ತಿ ಹೊತ್ತು ನಡೆಯಲ್ಲ. ತೋಳಿಗೆ ಮೂಳೆ ಇದೆ, ಅದು ಹೇಗೆ ತಿರುಗುತ್ತೆ ಅಂತ ಊಹಿಸಬಹುದು. ಬಟ್ಟೆಗೆ ಏನಿದೆ? ಈಗ ಹೊರ ಅಂಚಾಗಿದ್ದದ್ದು ಮೂರು ಫ್ರೇಮ್ ಆದಮೇಲೆ ಮಡಿಕೆಯ ಒಳಗೆ ಹೋಗಿರುತ್ತೆ. ಹಿಂದಿದ್ದ ಮಡಿಕೆ ಅಂಚಾಗಿ ಈಚೆ ಬರುತ್ತೆ. ಹಾಗಾಗಿ ಒಂದೊಂದು ಮಡಿಕೆಗೂ ಬೇರೆ ಬೇರೆ ಗೆರೆ. ತುದಿ ಜೋರಾಗಿ ಬೀಸುವ ಕಡೆ ಗೆರೆ ಚೂಪಾಗಿರಬಾರದು, ಮಸುಕಿನ ಅಗಲಕ್ಕೆ ಸರಿಯಾಗಿ ಅದೂ ಮಸುಕಾಗಬೇಕು. ಇಲ್ಲದಿದ್ದರೆ ಕಾರ್ಡ್‌ಬೋರ್ಡ್ ಕತ್ತರಿಸಿ ಆಕಾಶಕ್ಕೆ ಅಂಟಿಸಿದ ಹಾಗೆ ಕಾಣುತ್ತೆ.

ಆ ಶಾಟ್ ರಿವ್ಯೂನಲ್ಲಿ ಪಾಸಾಯಿತು. ಆಮೇಲೆ ಕೆಲಸ ಕೊಟ್ಟವರ ಕಡೆಯಿಂದ ಮೆಸೇಜ್ ಬಂತು: ಕೇಪ್‌ನ ಡಿಸೈನ್ ಬದಲಾಗಿದೆ, ಪೂರ್ತಿ ಸಿಜಿ (ಕಂಪ್ಯೂಟರ್‌ನಲ್ಲೇ ಮಾಡಿದ) ಕೇಪ್ ಹಾಕುತ್ತಿದ್ದೇವೆ, ಪ್ಲೇಟ್‌ನಲ್ಲಿರುವ (ಶೂಟ್ ಮಾಡಿದ ಮೂಲ ಚಿತ್ರದಲ್ಲಿರುವ) ಬಟ್ಟೆಯ ಕೇಪ್ ಅಳಿಸಿಕೊಡಿ. ಅಂದರೆ ಅಷ್ಟು ಕಷ್ಟಪಟ್ಟು ಉಳಿಸಿದ ಕೇಪನ್ನು ನಾನೇ ಇಲ್ಲವಾಗಿಸಬೇಕು. ಕೇಪ್ ಹಿಂದೆ ಏನಿತ್ತು? ಕಾಲು, ಗೋಡೆ, ನಿಂತಿದ್ದ ಒಂದಿಬ್ಬರು. ಕೇಪ್ ಇಲ್ಲದೆ ಅದೇ ಜಾಗವನ್ನು ಯಾರೂ ಶೂಟ್ ಮಾಡಿರಲಿಲ್ಲ. ಕೇಪ್ ಪಕ್ಕಕ್ಕೆ ಸರಿದ ಫ್ರೇಮ್‌ಗಳನ್ನು ಹುಡುಕಿ, ಅಲ್ಲಿಂದ ಗೋಡೆಯ ಒಂದೊಂದು ತುಂಡು ತಂದು, ಕ್ಯಾಮೆರಾ ಅಲುಗಾಡಿದಂತೆ ಅದನ್ನೂ ಟ್ರ್ಯಾಕ್ ಮಾಡಿ ಕೂರಿಸಿದೆ. ಕೊನೆಗೆ ಗ್ರೇನ್. ಕ್ಯಾಮೆರಾದಲ್ಲಿ ತೆಗೆದ ಚಿತ್ರದಲ್ಲಿ ಸಣ್ಣಗೆ ಓಡಾಡುವ ಕಾಳು ಇರುತ್ತೆ. ನಾವು ತುಂಬಿದ ಜಾಗದಲ್ಲಿ ಅದು ಇಲ್ಲದಿದ್ದರೆ ಥಿಯೇಟರ್‌ನ ದೊಡ್ಡ ಪರದೆಯಲ್ಲಿ ಆ ಜಾಗ ಮಾತ್ರ ಸತ್ತಂತೆ ಕಾಣುತ್ತೆ.

ಇದು ನನ್ನೊಬ್ಬನ ಕಥೆ ಅಲ್ಲ. 2019ರ ಅವೆಂಜರ್ಸ್: ಎಂಡ್‌ಗೇಮ್‌ನಲ್ಲಿ ಹೀರೋಗಳು ಕಾಲದಲ್ಲಿ ಹಿಂದಕ್ಕೆ ಹೋಗುವಾಗ ಹಾಕುವ ಬಿಳಿ ಸೂಟ್ ಇದೆಯಲ್ಲ, ಅದು ಪೂರ್ತಿ ಸಿಜಿ. ಶೂಟಿಂಗ್ ಹೊತ್ತಿಗೆ ಡಿಸೈನ್ ಇನ್ನೂ ಫೈನಲ್ ಆಗಿರಲಿಲ್ಲ. ಥಿಯೇಟರ್‌ನಲ್ಲಿ ಕೂತ ಎಷ್ಟು ಜನಕ್ಕೆ ಗೊತ್ತಾಯಿತು? 2011ರ ಗ್ರೀನ್ ಲ್ಯಾಂಟರ್ನ್‌ನಲ್ಲಿ ರಯಾನ್ ರೆನಾಲ್ಡ್ಸ್ ಹಾಕಿದ್ದೂ ಸಿಜಿ ಸೂಟೇ. ಅದನ್ನು ಜನ ಇವತ್ತಿಗೂ ಆಡಿಕೊಳ್ಳುತ್ತಾರೆ. 2016ರ ಡೆಡ್‌ಪೂಲ್‌ನಲ್ಲಿ ಅವನೇ ಅದರ ಮೇಲೆ ಜೋಕ್ ಹೊಡೆದ. ನನ್ನ ಲೆಕ್ಕದಲ್ಲಿ ವ್ಯತ್ಯಾಸ ಇಷ್ಟೇ: ಬಿಳಿ ಸೂಟ್ ಗಟ್ಟಿ ಪಟ್ಟಿಗಳನ್ನು ಜೋಡಿಸಿದ ಹಾಗಿದೆ, ಮೈಯಿಂದ ಸ್ವಲ್ಪ ದೂರ ನಿಲ್ಲುತ್ತೆ. ಹಸಿರು ಸೂಟ್ ಚರ್ಮದ ಥರ ಮಾಂಸಖಂಡಕ್ಕೆ ಅಂಟಿಕೊಂಡಿದೆ, ಮೇಲಿಂದ ಹೊಳೆಯುತ್ತೆ ಬೇರೆ. ಮನುಷ್ಯನ ಮೈ ಹೇಗೆ ಅಲುಗಾಡುತ್ತೆ ಅಂತ ನಮಗೆಲ್ಲ ಹುಟ್ಟಿನಿಂದ ಗೊತ್ತು. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕಣ್ಣು ಹಿಡಿಯುತ್ತೆ.

ಮೈ ವಿಷಯವೇ ಹೀಗಿರುವಾಗ ಮುಖದ ಗತಿ ಏನು? ಸೂಪರ್‌ಮ್ಯಾನ್‌ನ ಮೀಸೆ ಪ್ರಕರಣ ನಮ್ಮ ಫ್ಲೋರ್‌ನಲ್ಲಿ ಇವತ್ತಿಗೂ ಚಹಾ ಹೊತ್ತಿನ ಮಾತು. 2017ರ ಜಸ್ಟಿಸ್ ಲೀಗ್‌ನ ನಿರ್ದೇಶಕ ಝ್ಯಾಕ್ ಸ್ನೈಡರ್ ಮಧ್ಯದಲ್ಲೇ ಹೊರಗೆ ಹೋದರು. ಜಾಸ್ ವೀಡನ್ ಬಂದು ತುಂಬಾ ದೃಶ್ಯಗಳನ್ನು ಮತ್ತೆ ಶೂಟ್ ಮಾಡಿದರು. ಅಷ್ಟರಲ್ಲಿ ಹೆನ್ರಿ ಕ್ಯಾವಿಲ್ ಮಿಷನ್ ಇಂಪಾಸಿಬಲ್ ಸಿನಿಮಾಕ್ಕೆ ಮೀಸೆ ಬಿಟ್ಟಿದ್ದ. ಆ ಸಿನಿಮಾದವರು ಬೋಳಿಸಲು ಒಪ್ಪಲಿಲ್ಲ. ಸರಿ, ಗ್ರಾಫಿಕ್ಸ್‌ನವರು ಅಳಿಸಲಿ ಅಂತ ಆಯಿತು.

ಗೋಡೆಯ ಮುಂದಿನ ತಂತಿ ಅಳಿಸುವುದಕ್ಕೂ ಮೀಸೆ ಅಳಿಸುವುದಕ್ಕೂ ಅಜಗಜಾಂತರ. ಗೋಡೆ ಮಾತಾಡಲ್ಲ. ಮೇಲ್ದುಟಿ ಒಂದೊಂದು ಅಕ್ಷರಕ್ಕೂ ಒಂದೊಂದು ಆಕಾರ ತಾಳುತ್ತೆ. ನಕ್ಕಾಗ ತೆಳ್ಳಗಾಗುತ್ತೆ, ಮೂಗಿನ ಪಕ್ಕದ ಗೆರೆ ಆಳವಾಗುತ್ತೆ, ಕೆನ್ನೆ ಮೇಲೇಳುತ್ತೆ. ಮೀಸೆ ಇದ್ದ ಫ್ರೇಮ್ ಒಂದರಲ್ಲೂ ಆ ಚರ್ಮ ಕ್ಯಾಮೆರಾಗೆ ಕಂಡೇ ಇಲ್ಲ, ಹಾಗಾಗಿ ಪಕ್ಕದ ಫ್ರೇಮ್‌ನಿಂದ ತರೋಣ ಅಂದರೂ ಆಗಲ್ಲ. ಮುಖದ ಆ ಭಾಗವನ್ನು ಹೊಸದಾಗಿ ಕಟ್ಟಿ ಕೂರಿಸಬೇಕು. ಸಿನಿಮಾದ ಮೊದಲ ದೃಶ್ಯದಲ್ಲೇ ಮಕ್ಕಳು ಫೋನ್‌ನಲ್ಲಿ ಸೂಪರ್‌ಮ್ಯಾನ್‌ನ ವಿಡಿಯೋ ಮಾಡುತ್ತಾರೆ. ಹೀರೋ ಮುಗುಳ್ನಗುತ್ತಾನೆ, ಬಾಯಿ ಮಾತ್ರ ಯಾರದೋ ಅನ್ನಿಸುತ್ತೆ. ಜಗತ್ತೆಲ್ಲ ನಕ್ಕಿತು. 2021ರ ಮಾರ್ಚ್‌ನಲ್ಲಿ ನಾಲ್ಕು ಗಂಟೆಯ ಸ್ನೈಡರ್ ಆವೃತ್ತಿ ಬಂದಾಗ ಆ ಮರುಶೂಟಿಂಗ್ ದೃಶ್ಯಗಳೇ ಇರಲಿಲ್ಲ, ಮೀಸೆಯ ತಕರಾರೂ ಇರಲಿಲ್ಲ. ಬ್ಲೇಡ್ ಹಾಕಿದ್ದರೆ ಮುಗಿಯುತ್ತಿದ್ದ ಕೆಲಸ ನೋಡಿ! ಆ ಶಾಟ್ ಮಾಡಿದವರು ಯಾರೋ ಗೊತ್ತಿಲ್ಲದೆ ಬೈದವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತೆ.

ತಡವಾಗಿ ತೀರ್ಮಾನ ಬದಲಾದಾಗ ಅದರ ಭಾರ ಯಾರ ತಲೆ ಮೇಲೆ ಬೀಳುತ್ತೆ ಅನ್ನುವುದೂ ಹೇಳಬೇಕು. ಹೆಚ್ಚಿನ ಕಡೆ ಶಾಟ್‌ಗೆ ಇಷ್ಟು ಅಂತ ಮೊದಲೇ ದರ ಒಪ್ಪಿಕೊಂಡಿರುತ್ತಾರೆ. ಆಮೇಲೆ ಹತ್ತು ಸಲ ತಿದ್ದಿಸಿದರೂ ದುಡ್ಡು ಸುಲಭಕ್ಕೆ ಏರಲ್ಲ, ನಮ್ಮ ರಾತ್ರಿಗಳು ಏರುತ್ತವೆ. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸ್ಟುಡಿಯೋದಲ್ಲಿ ನೇರವಾಗಿ ಕೆಲಸ ಮಾಡುವ ವಿಎಫ್‌ಎಕ್ಸ್, ಅಂದರೆ ಗ್ರಾಫಿಕ್ಸ್ ಕೆಲಸದ ಸಿಬ್ಬಂದಿ ಅಮೆರಿಕದಲ್ಲಿ ಒಮ್ಮತದಿಂದ ವೋಟು ಹಾಕಿ ಯೂನಿಯನ್ ಸೇರಿದರು. ಗುತ್ತಿಗೆ ಸರಪಳಿಯ ಕೊನೇ ಕೊಂಡಿಯಾದ ನಮಗೆ ಅದು ಸದ್ಯಕ್ಕೆ ಓದಿ ಖುಷಿಪಡುವ ಸುದ್ದಿ.

ನನ್ನ ಕೇಪ್ ಶಾಟ್ ಇದ್ದ ಸಿನಿಮಾ ಬಂದಾಗ ಚಿಕ್ಕಪ್ಪನ ಮಗನನ್ನು ಕರೆದುಕೊಂಡು ಹೋಗಿದ್ದೆ. ಆ ಶಾಟ್ ಬಂತು, ಹೋಯಿತು. ಅವನು ಪಾಪ್‌ಕಾರ್ನ್ ತಿನ್ನುತ್ತಿದ್ದ. ಅಂದರೆ ಕೆಲಸ ಸರಿಯಾಗಿದೆ ಅಂತ ಅರ್ಥ. ಕ್ರೆಡಿಟ್ಸ್ ಓಡುವಾಗ "ಎಲ್ಲೋ ಅಣ್ಣಾ ನಿನ್ ಹೆಸರು?" ಅಂದ. ಹೊರಗುತ್ತಿಗೆ ಕೆಲಸದಲ್ಲಿ ಎಲ್ಲರ ಹೆಸರೂ ಹಾಕಲ್ಲ ಕಣೋ ಅಂದೆ. ಮನೆಗೆ ಬಂದಮೇಲೆ ಚಿಕ್ಕಮ್ಮನಿಗೆ ಅವನು ಕೊಟ್ಟ ವರದಿ: "ಫೈಟ್ ಸೂಪರ್, ಕೊನೇಲಿ ಗ್ರಾಫಿಕ್ಸ್ ಡಬ್ಬಾ."

ಹಾಗಂತ ನೋಡುಗರ ಬಾಯಿ ಮುಚ್ಚಿಸಬೇಕು ಅಂತ ನನಗಿಲ್ಲ. ದುಡ್ಡು ಕೊಟ್ಟು ಬಂದಿದ್ದಾರೆ, ಬೈಯಲಿ. ಎರಡು ವಿಷಯ ಮಾತ್ರ ಗೊತ್ತಿರಲಿ. ಟ್ರೇಲರ್‌ನಲ್ಲಿ ಬರುವ ಶಾಟ್ ಎಷ್ಟೋ ಸಲ ಅರ್ಧಂಬರ್ಧ ಆದದ್ದೇ ಇರುತ್ತೆ, ಅದನ್ನು ನಡುವೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ತೀರ್ಪು ಕೊಡಬೇಡಿ. ಇನ್ನೊಂದು, ಹೊಸ ಟಿವಿಗಳಲ್ಲಿ ಮೋಷನ್ ಸ್ಮೂತಿಂಗ್ ಅಂತ ಒಂದು ಸೆಟ್ಟಿಂಗ್ ಇದೆ, ಕಂಪನಿಗೊಂದು ಹೆಸರಿಟ್ಟಿರುತ್ತಾರೆ. ಅದು 24 ಫ್ರೇಮ್‌ಗಳ ನಡುವೆ ತಾನೇ ಹೊಸ ಫ್ರೇಮ್ ಹುಟ್ಟಿಸಿ ತುರುಕುತ್ತೆ. ನಾವು ಲೆಕ್ಕ ಹಾಕಿ ಮಸುಕು ಮಾಡಿದ ಅಂಚೆಲ್ಲ ಅದರಲ್ಲಿ ಹರಿದುಹೋಗಿ, ಕೋಟಿಗಟ್ಟಲೆ ಖರ್ಚಿನ ಸಿನಿಮಾ ಮಧ್ಯಾಹ್ನದ ಧಾರಾವಾಹಿ ಥರ ಕಾಣುತ್ತೆ. ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿ. ಆಮೇಲೆ ಬೈಯಿರಿ.