ಟೀಚರ್ ಪಾಠ ಎಷ್ಟು ಹಿಡಿಯಿತು? ಜೂನ್‌ನಿಂದ ಫೆಬ್ರುವರಿವರೆಗೆ ಲೆಕ್ಕ ಇಡುವುದು ಹೀಗೆ

ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಕೂತು "ನಿಮ್ಮ ಶಾಲೆಯ ಟೀಚರ್ ಹೇಗೆ?" ಎಂದು ಒಮ್ಮೆ ಕೇಳಿ ನೋಡಿ. "ತುಂಬಾ ಒಳ್ಳೆಯವರು ಸಾರ್, ಎಂಥ ಮಳೆ ಬಂದ್ರೂ ತಪ್ಪಿಸಲ್ಲ" ಎನ್ನುತ್ತಾರೆ. "ಅದಲ್ಲ, ಈ ವರ್ಷ ಮಕ್ಕಳು ಏನು ಕಲಿತರು?" ಎಂದರೆ ಎಲ್ಲರೂ ಕಾಫಿ ಲೋಟದ ಕಡೆ ನೋಡುತ್ತಾರೆ. ಅತ್ತ ಕಚೇರಿಯಲ್ಲಿ ಕೇಳುವುದು ಇನ್ನೊಂದೇ ಪ್ರಶ್ನೆ: ಶೇಕಡಾ ಎಷ್ಟು? ಸಿಆರ್‌ಪಿ ಆಗಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ (ಕ್ಲಸ್ಟರ್) ಸಂಪನ್ಮೂಲ ವ್ಯಕ್ತಿಯಾಗಿ, ಕೊಡಗಿನ ಶಾಲೆಗಳನ್ನು ಸುತ್ತಿದ ವರ್ಷಗಳಲ್ಲಿ ನಾನು ಜಾಸ್ತಿ ನೋಡಿದ್ದು ಈ ಎರಡೇ ಅಳತೆ. ಟೀಚರ್ ಬಂದರಾ, ಮಕ್ಕಳು ಪಾಸಾದರಾ. ನಡುವೆ ಪಾಠ ಅನ್ನುವುದೊಂದು ಇದೆ, ಅಲ್ವಾ?

ಒಂದು ಪೇಟೆ ಶಾಲೆ ಇದೆ ಅಂದುಕೊಳ್ಳಿ. ನಾಲ್ಕನೇ ತರಗತಿಗೆ ಬರುವಾಗಲೇ ಅಲ್ಲಿಯ ಮಕ್ಕಳಿಗೆ ಸರಾಗವಾಗಿ ಓದಲು ಬರುತ್ತದೆ. ಸಿದ್ದಾಪುರ ಕಡೆ ತೋಟದ ಪಕ್ಕದಲ್ಲಿ ಇನ್ನೊಂದು ಶಾಲೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ, ಆದಿವಾಸಿಗಳ ಹಾಡಿಯಿಂದ ಬರುವ ಮಕ್ಕಳು. ಅರ್ಧಕ್ಕರ್ಧ ಮಂದಿಗೆ ಒತ್ತಕ್ಷರ ಬಂದರೆ ತಡೆ. ಮಾರ್ಚ್‌ನಲ್ಲಿ ಮೊದಲ ಶಾಲೆಯ ಸರಾಸರಿ 78, ಎರಡನೆಯದರದ್ದು 52. ಯಾವ ಟೀಚರ್ ಜಾಸ್ತಿ ಕಲಿಸಿದರು? ಜೂನ್‌ನಲ್ಲಿ ಮಕ್ಕಳು ಎಲ್ಲಿದ್ದರು ಅನ್ನುವುದು ಗೊತ್ತಿಲ್ಲದೆ ಯಾರೂ ಹೇಳಲಾರರು. ಈ ಲೇಖನದ ವಿಧಾನ ನಿಂತಿರುವುದು ಇಷ್ಟರ ಮೇಲೆಯೇ. ವರ್ಷದ ಶುರುವಿನಲ್ಲಿ ಮಕ್ಕಳ ಮಟ್ಟ ನೋಡಿ, ಗುರಿ ಬರೆದು, ಕೊನೆಯಲ್ಲಿ ಎಷ್ಟು ಮುಂದೆ ಬಂದರು ಎಂದು ಲೆಕ್ಕ ಹಾಕುವುದು. ಅಮೆರಿಕದ ಡೆನ್ವರ್ ನಗರದ ಶಾಲೆಗಳು 1999ರಲ್ಲಿ ಇದನ್ನು ಶಿಕ್ಷಕರ ಸಂಬಳಕ್ಕೆ ಜೋಡಿಸಿ ಪ್ರಯೋಗ ಮಾಡಿದವು. ನಮಗೆ ಅಷ್ಟು ದೂರ ಹೋಗುವುದು ಬೇಡ. ಪಕ್ಕದ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಒಂದರಿಂದ ಮೂರನೇ ತರಗತಿಗೆ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯ ಕಲಿಕಾ ಏಣಿ ನೆನಪಿಸಿಕೊಳ್ಳಿ. ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಅನ್ನುವುದು ಅಲ್ಲಿ ಮೊದಲಿನಿಂದಲೂ ಕಣ್ಣಿಗೆ ಕಾಣುತ್ತದೆ. ಮೂರನೇ ತರಗತಿ ದಾಟಿದ ಮೇಲೆ ಆ ಅಭ್ಯಾಸ ಯಾಕೆ ಬಿಟ್ಟುಹೋಗಬೇಕು?

1. ಜೂನ್: ಒಂದೊಂದೇ ಮಗುವನ್ನು ಕೂರಿಸಿ ಓದಿಸಿ

ಇದೇ ಮುಖ್ಯ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ. ಬರೆಯುವ ಪರೀಕ್ಷೆ ಇಡಬೇಡಿ. ಓದಲು ಬಾರದ ಮಗುವಿಗೆ ಪ್ರಶ್ನೆಪತ್ರಿಕೆ ಕೊಟ್ಟರೆ ಸೊನ್ನೆ ಸಿಗುತ್ತದೆ. ಆ ಸೊನ್ನೆಯಿಂದ ಟೀಚರಿಗೆ ಏನೂ ಗೊತ್ತಾಗುವುದಿಲ್ಲ.

ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಮಕ್ಕಳ ಕಲಿಕೆಯ ಮಟ್ಟ ನೋಡಲು 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆಯ ವಿಧಾನ ಸುಲಭ. ಮೊದಲು ಒಂದನೇ ತರಗತಿ ಮಟ್ಟದ ಪುಟ್ಟ ಪ್ಯಾರಾ ಕೊಡಿ. ಸರಾಗವಾಗಿ ಓದಿದರೆ ಎರಡನೇ ತರಗತಿ ಮಟ್ಟದ ಕಥೆ ಕೊಡಿ. ಪ್ಯಾರಾದಲ್ಲೇ ಎಡವಿದರೆ ಐದು ಪದ. ಅದರಲ್ಲಿ ನಾಲ್ಕು ಸರಿ ಇದ್ದರೆ ಪದ ಮಟ್ಟ. ಅದೂ ಆಗದಿದ್ದರೆ ಐದು ಅಕ್ಷರ. ಒಂದು ಮಗುವಿಗೆ ಐದು ನಿಮಿಷ ಸಾಕು. ತರಗತಿಯಲ್ಲಿ 14 ಮಕ್ಕಳಿದ್ದರೆ ಒಟ್ಟು 70 ನಿಮಿಷ. ಮೂರು ದಿನಕ್ಕೆ ಹಂಚಿಕೊಂಡರೆ ಯಾರಿಗೂ ಭಾರವಲ್ಲ.

ಓದಿಸುವಾಗ ಮಗುವಿನ ಮನೆಮಾತು ಯಾವುದು ಅನ್ನುವುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಕೊಡಗಿನ ಒಂದು ಸಣ್ಣ ತರಗತಿಯಲ್ಲೇ ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳಂ, ತುಳು, ತಮಿಳು ಎಲ್ಲ ಇರಬಹುದು. ಈಗ ಅಸ್ಸಾಂ ಕಡೆಯಿಂದ ತೋಟಕ್ಕೆ ಬಂದವರ ಮಕ್ಕಳೂ ಇದ್ದಾರೆ. ಒಮ್ಮೆ ಒಬ್ಬ ಹುಡುಗನಿಗೆ ಪದಗಳ ಕಾರ್ಡು ಕೊಟ್ಟಿದ್ದೆ. "ಪಟ್ಟಿ" ಎಂದು ಸರಿಯಾಗಿಯೇ ಓದಿದ. ಓದಿ ನಗಲು ಶುರು ಮಾಡಿದ. ಯಾಕಪ್ಪಾ ಎಂದು ಕೇಳಿದರೆ ಇನ್ನೂ ಜಾಸ್ತಿ ನಗು. ಮನೆಯಲ್ಲಿ ಮಲಯಾಳಂ ಆಡುವ ಹುಡುಗ, ಅವನಿಗೆ ಪಟ್ಟಿ ಅಂದರೆ ನಾಯಿ! ಅಕ್ಷರ ಕೂಡಿಸುವುದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು, ಬೇಕಾಗಿದ್ದದ್ದು ಕನ್ನಡದ ಪದಗಳು. ಬರೆಯುವ ಪರೀಕ್ಷೆಯ ಅಂಕ ಮಾತ್ರ ನೋಡಿದ್ದರೆ ಟೀಚರ್ ಅವನಿಗೆ ಮತ್ತೆ ಕಾಗುಣಿತ ತಿದ್ದಿಸುತ್ತಿದ್ದರು.

ಇಲ್ಲೊಂದು ಒಳಗುಟ್ಟು ಹೇಳಿಬಿಡುತ್ತೇನೆ. ಕೊನೆಯಲ್ಲಿ ಏರಿಕೆ ದೊಡ್ಡದಾಗಿ ಕಾಣಲಿ ಎಂದು ಜೂನ್‌ನಲ್ಲಿ ಮಟ್ಟ ಕಡಿಮೆ ಬರೆಯುವ ಆಸೆ ಯಾರಿಗಾದರೂ ಬರುತ್ತದೆ. ಶಿಕ್ಷಕರೂ ಮನುಷ್ಯರೇ ತಾನೇ. ಇದಕ್ಕೆ ಮದ್ದು ಇದೆ. ಹೆಡ್‌ಮಾಸ್ಟರೋ ಸಿಆರ್‌ಪಿಯೋ ಮೂರು-ನಾಲ್ಕು ಮಕ್ಕಳನ್ನು ಸುಮ್ನೆ ಕರೆದು ಮತ್ತೊಮ್ಮೆ ಓದಿಸಲಿ.

2. ಗುರಿ ಬರೆಯಿರಿ, ಎರಡೇ ಸಾಕು

ನಮ್ಮ ಮಾದರಿ ತರಗತಿಯ ಲೆಕ್ಕ ಹೀಗಿರಲಿ. ನಾಲ್ಕನೇ ತರಗತಿ, 14 ಮಕ್ಕಳು. ಅಕ್ಷರ ಮಟ್ಟದಲ್ಲಿ 3, ಪದ ಮಟ್ಟದಲ್ಲಿ 5, ಪ್ಯಾರಾ ಓದುವವರು 4, ಕಥೆ ಓದುವವರು 2.

"ಮಕ್ಕಳ ಓದಿನ ಗುಣಮಟ್ಟ ಹೆಚ್ಚಿಸುವುದು" ಎಂದು ಬರೆದರೆ ಅದು ಗುರಿಯಲ್ಲ, ಭಾಷಣ. ಹೀಗೆ ಬರೆಯಿರಿ: "ಪದ ಮಟ್ಟದಲ್ಲಿರುವ 5 ಮಕ್ಕಳೂ ಫೆಬ್ರುವರಿ ಕೊನೆಗೆ, ಮೊದಲು ನೋಡಿರದ ನಾಲ್ಕು ಸಾಲಿನ ಪ್ಯಾರಾವನ್ನು ತಡವರಿಸದೆ ಓದಬೇಕು." ಅಕ್ಷರ ಮಟ್ಟದವರು ಪದಕ್ಕೆ, ಪ್ಯಾರಾದವರು ಕಥೆಗೆ ಬರಬೇಕು. ಕಥೆ ಓದುವ ಇಬ್ಬರನ್ನು ಮರೆಯಬೇಡಿ. ಓದಿದ ಕಥೆಯನ್ನು ಅವರು ತಮ್ಮದೇ ಮಾತಿನಲ್ಲಿ ಐದು ವಾಕ್ಯ ಬರೆಯಲಿ. ಚುರುಕಾದ ಮಕ್ಕಳು ಹೇಗೂ ಪಾಸಾಗುತ್ತಾರೆ ಎಂದು ಟೀಚರ್ ಅವರನ್ನು ಬಿಟ್ಟುಬಿಡುವುದು ಎಲ್ಲ ಕಡೆ ಇರುವ ರೋಗ.

ಓದಿಗೆ ಒಂದು, ಲೆಕ್ಕಕ್ಕೆ ಒಂದು ಗುರಿ. ಯಾವ ತರಗತಿಗೆ ಏನು ಬರಬೇಕು ಅನ್ನುವುದಕ್ಕೆ ಕೇಂದ್ರದ ಶೈಕ್ಷಣಿಕ ಸಂಸ್ಥೆ ಎನ್‌ಸಿಇಆರ್‌ಟಿ 2017ರಲ್ಲಿ ಕೊಟ್ಟ ಕಲಿಕಾ ಫಲಗಳ ಪಟ್ಟಿ ಇದೆ. ಅದನ್ನು ಪೂರ್ತಿ ನಕಲು ಮಾಡುವುದು ಬೇಡ, ನಿಮ್ಮ ಮಕ್ಕಳಿಗೆ ಬೇಕಾದ್ದನ್ನು ಆರಿಸಿಕೊಳ್ಳಿ. ಗುರಿಯನ್ನು ಟೀಚರ್ ಮತ್ತು ಹೆಡ್‌ಮಾಸ್ಟರ್ ಒಟ್ಟಿಗೆ ಕೂತು ಒಪ್ಪಿಕೊಳ್ಳಬೇಕು. ಎಷ್ಟು ಮಕ್ಕಳು ಮುಟ್ಟಿದರೆ ಕೆಲಸ ಆಯಿತು ಅನ್ನುವುದನ್ನೂ ಆಗಲೇ ಬರೆಯಿರಿ. ಹತ್ತು ಜನ ಮುಟ್ಟಿದರೆ ಗುರಿ ಆಯಿತು ಅಂತಿಟ್ಟುಕೊಳ್ಳಿ. ಫಲಿತಾಂಶ ನೋಡಿಕೊಂಡು ಆಮೇಲೆ ಗೆರೆ ಎಳೆಯುವಂತಿಲ್ಲ.

ಶೇಕಡಾ ಬರೆಯದೆ ಮಕ್ಕಳ ಸಂಖ್ಯೆ ಬರೆಯಿರಿ. 14 ಜನರ ತರಗತಿಯಲ್ಲಿ ಒಂದು ಮಗು ಅಂದರೆ ಶೇಕಡಾ 7. ಒಬ್ಬ ಹುಡುಗಿಗೆ ಪರೀಕ್ಷೆಯ ದಿನ ಜ್ವರ ಬಂದರೆ ಟೀಚರ್ ಸಾಧನೆ ಶೇಕಡಾ 7 ಕುಸಿಯಿತು ಎಂದು ವರದಿಯಾಗುತ್ತದೆ. ಸಣ್ಣ ಶಾಲೆಗಳೇ ಜಾಸ್ತಿ ಇರುವ ನಮ್ಮ ಜಿಲ್ಲೆಯಲ್ಲಿ ಇದು ತಮಾಷೆಯಲ್ಲ.

3. ಗೋಡೆಯ ಕ್ಯಾಲೆಂಡರ್ ನೋಡಿ

ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ. ಹಿಂದಿನ ದಿನ ಸಂಜೆ ಮೊಬೈಲಿಗೆ ರಜೆಯ ಸುದ್ದಿ ಬರುತ್ತದೆ. ಆಮೇಲೆ ಶನಿವಾರ ಪೂರ್ತಿ ದಿನ ಶಾಲೆ ನಡೆಸಿ ಸರಿದೂಗಿಸುತ್ತಾರೆ ನಿಜ, ಆದರೆ ಶನಿವಾರ ಮಧ್ಯಾಹ್ನದ ಪಾಠ ಎಷ್ಟು ತಲೆಗೆ ಹೋಗುತ್ತದೆ ಅನ್ನುವುದು ಮಕ್ಕಳಿಗೇ ಗೊತ್ತು. ಅಕ್ಟೋಬರ್‌ನಲ್ಲಿ ದಸರಾ ರಜೆ. ಆಮೇಲೆ ನಮ್ಮ ಸುಗ್ಗಿ ಹಬ್ಬ ಹುತ್ತರಿ. ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಮನೆಯವರೆಲ್ಲ ತೋಟದಲ್ಲಿ. ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳಲು ಲೈನ್ ಮನೆಯಲ್ಲೇ ಉಳಿಯುತ್ತದೆ. ದಾರಿಯಲ್ಲಿ ಆನೆ ಇದ್ದರೆ ಆ ದಿನವೂ ಹೋಯಿತು. ಟೀಚರನ್ನು ಚುನಾವಣೆಗೋ ಜನಗಣತಿಗೋ ಕಳಿಸಿದ್ದರೆ ಅದನ್ನೂ ಬರೆದಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಆ ಕೆಲಸಗಳಿಗೆ ಅವಕಾಶ ಕೊಟ್ಟಿದೆ, ಹಾಗಾಗಿ ಅದು ಅವರ ತಪ್ಪಲ್ಲ.

ಹಾಗಾದರೆ ಗಟ್ಟಿ ಪಾಠಕ್ಕೆ ಸಿಗುವುದು ಸೆಪ್ಟೆಂಬರ್ ಮತ್ತು ನವೆಂಬರ್. ಕಷ್ಟದ ಭಾಗವನ್ನು ಅಲ್ಲಿಗೆ ಇಟ್ಟುಕೊಳ್ಳಿ. 2018ರ ಆಗಸ್ಟ್‌ನಂತೆ ಗುಡ್ಡ ಕುಸಿದು ಊರೇ ಖಾಲಿಯಾದ ವರ್ಷ ಬಂದರೆ ಹಳೆಯ ಗುರಿಯ ಹಾಳೆ ಹಿಡಿದು ಕೂರಬಾರದು. ಹೊಸದು ಬರೆಯಿರಿ.

4. ನಡುವೆ ನೋಡುವುದು ತಪ್ಪಿನ ಬಗೆಯನ್ನು

ಆರು ವಾರಕ್ಕೊಮ್ಮೆ ಅದೇ ಐದು ನಿಮಿಷ. ಬೇರೆ ಪ್ಯಾರಾ, ಅದೇ ಮಟ್ಟ. ಲೆಕ್ಕದಲ್ಲಿ ಅಂಕಕ್ಕಿಂತ ತಪ್ಪನ್ನೇ ನೋಡಿ. 52ರಿಂದ 38 ಕಳೆಯಲು ಹೇಳಿ. 14 ಬರಬೇಕು. ಆರು ಮಕ್ಕಳು 26 ಬರೆದಿದ್ದಾರೆ ಅಂದುಕೊಳ್ಳಿ. ಅವರು ಎಂಟರಿಂದ ಎರಡು ಕಳೆದಿದ್ದಾರೆ. ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವುದು ಅವರಿಗೆ ಅಭ್ಯಾಸವಾಗಿದೆ. ಒಬ್ಬನ ಉತ್ತರ 13 ಆಗಿದ್ದರೆ ಅದು ಬೆರಳೆಣಿಕೆಯಲ್ಲಿ ಆದ ಸಣ್ಣ ತಪ್ಪು. ಇಬ್ಬರಿಗೂ ಸಿಗುವುದು ಸೊನ್ನೆಯೇ, ಆದರೆ ಆ ಆರು ಜನರಿಗೆ ಕಡ್ಡಿ ಕಟ್ಟು ಕೊಟ್ಟು ಹತ್ತರ ಕಟ್ಟನ್ನು ಬಿಚ್ಚಿಸಬೇಕು. ಅವರಿಗೆ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ಇಪ್ಪತ್ತೂ ತಪ್ಪಾಗುತ್ತವೆ.

ಹೆಡ್‌ಮಾಸ್ಟರ್ ಈ ಹಂತದಲ್ಲಿ ಟೀಚರಿಗೆ ಅಂಕ ಹಾಕುವ ಕೆಲಸಕ್ಕೆ ಇಳಿಯಬಾರದು. "ಏನು ಬದಲಾಯಿಸಿದಿರಿ ಟೀಚರ್?" ಎಂದು ಕೇಳಿದರೆ ಸಾಕು.

5. ಫೆಬ್ರುವರಿ: ಪಕ್ಕದ ಶಾಲೆಯವರು ಓದಿಸಲಿ

ಕೊನೆಯ ಓದನ್ನು ಅದೇ ಟೀಚರ್ ನೋಡುವುದು ಬೇಡ. ಕ್ಲಸ್ಟರಿನ ಇನ್ನೊಂದು ಶಾಲೆಯವರು ಇಲ್ಲಿಗೆ ಬರಲಿ, ಇವರು ಅಲ್ಲಿಗೆ ಹೋಗಲಿ.

ನಮ್ಮ 14ರಲ್ಲಿ ಒಂದು ಮಗು ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನ ಜೊತೆ ಬೇರೆ ತೋಟಕ್ಕೆ ಹೋಯಿತು. ಪದ ಮಟ್ಟದ ಮಗು. ಉಳಿದವರು 13. ಅಕ್ಷರ ಮಟ್ಟದ 3ರಲ್ಲಿ 2, ಪದ ಮಟ್ಟದಲ್ಲಿ ಉಳಿದ 4ರಲ್ಲಿ 4, ಪ್ಯಾರಾದ 4ರಲ್ಲಿ 3, ಕಥೆಯ 2ರಲ್ಲಿ 2 ಮಕ್ಕಳು ಗುರಿ ಮುಟ್ಟಿದರು. ಒಟ್ಟು 11. ಜೂನ್‌ನಲ್ಲಿ ಬರೆದುಕೊಂಡದ್ದು 10. ನವೆಂಬರ್‌ನಲ್ಲಿ ಹೊಸದಾಗಿ ಸೇರಿದ ಮಗು ಇದ್ದರೆ ಅದರ ಲೆಕ್ಕ ಬೇರೆ ಸಾಲಿನಲ್ಲಿ, ಸೇರಿದ ದಿನದಿಂದ.

ಗುರಿ ಮುಟ್ಟಿತು ಎಂದು ಹಾಳೆ ಮಡಚಬೇಡಿ. ಉಳಿದ ಇಬ್ಬರ ಹಾಜರಿ ತೆಗೆಯಿರಿ. ಅಕ್ಷರದಲ್ಲೇ ಉಳಿದ ಹುಡುಗ 160 ದಿನದಲ್ಲಿ ಬಂದದ್ದು 88 ದಿನ. ಅವನ ವಿಷಯ ಟೀಚರ್ ಒಬ್ಬರಿಂದ ಬಗೆಹರಿಯುವುದಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಜೊತೆ, ಎಸ್‌ಡಿಎಂಸಿ ಜೊತೆ ಮಾತಾಡಬೇಕು. ಪ್ಯಾರಾದಲ್ಲೇ ನಿಂತ ಹುಡುಗಿ ಮಾತ್ರ 154 ದಿನ ಬಂದಿದ್ದಾಳೆ. ಗಲಾಟೆ ಇಲ್ಲ, ನೋಟ್ಸ್ ಚೊಕ್ಕ, ಕಿಟಕಿ ಪಕ್ಕ ಕೂರುವವಳು. ದಿನಾ ಬಂದೂ ಕಲಿಯದ ಮಗು ಇದು. ಶಿಕ್ಷಕರ ಪರಿಣಾಮದ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಇರುವುದು ಇಂಥ ಮಕ್ಕಳ ಸಾಲಿನಲ್ಲಿ. ಅವಳ ಹತ್ತಿರ ಕೂತು ಓದಿಸಿದ್ದು ಯಾವಾಗ ಎಂದು ಟೀಚರ್ ನೆನಪಿಸಿಕೊಳ್ಳಲಿ. 11 ಜನ ಮುಟ್ಟಿದ್ದಕ್ಕೆ ಅಭಿನಂದನೆ ಹೇಳಿ, ಜೊತೆಗೆ ಇದನ್ನೂ ಕೇಳಿ.

6. ತೀರ್ಮಾನ ಮಾಡುವ ಮುಂಚೆ

ಈ ಒಂದು ಹಾಳೆಯಿಂದ ಯಾರನ್ನೂ ಒಳ್ಳೆಯ ಶಿಕ್ಷಕ, ಕೆಟ್ಟ ಶಿಕ್ಷಕ ಎಂದು ಬರೆಯಬೇಡಿ. ಅಂಕಗಳಿಂದ ಶಿಕ್ಷಕರನ್ನು ಅಳೆಯುವ ದೊಡ್ಡ ದೊಡ್ಡ ಸೂತ್ರಗಳ ಬಗ್ಗೆ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2014ರಲ್ಲಿ ಒಂದು ಹೇಳಿಕೆ ಕೊಟ್ಟಿತು. ಮಕ್ಕಳ ಅಂಕಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇಕಡಾ 1ರಿಂದ 14ರಷ್ಟು ಎಂದು ಹೆಚ್ಚಿನ ಅಧ್ಯಯನಗಳು ಕಂಡುಕೊಂಡಿವೆ ಎಂದು ಅದು ಹೇಳಿತು. ಉಳಿದದ್ದೆಲ್ಲ ಮನೆ, ಬಡತನ, ಶಾಲೆಯ ವ್ಯವಸ್ಥೆ, ಇನ್ನೂ ಏನೇನೋ. ಹಾಗೆಂದು ಟೀಚರ್ ಏನು ಮಾಡಿದರೂ ಅಷ್ಟೇ ಅನ್ನುವ ಅರ್ಥವಲ್ಲ. ಅಂಕದ ಜೊತೆ ಬೇರೆಯದನ್ನೂ ನೋಡಿ ಎಂದರ್ಥ. ಎರಡು ಸಲ ತರಗತಿಯಲ್ಲಿ ಹಿಂದೆ ಕೂತು ಪಾಠ ನೋಡಿ. ಮಕ್ಕಳ ನೋಟ್‌ಬುಕ್ ತಿರುವಿ ಹಾಕಿ. ಎನ್‌ಸಿಇಆರ್‌ಟಿ 2013ರಲ್ಲಿ ಪ್ರಾಥಮಿಕ ಶಿಕ್ಷಕರಿಗೆಂದು ಮಾಡಿದ, ಅವರ ಕೆಲಸ ಅಳೆಯುವ ಪಿಂಡಿಕ್ಸ್ ನಮೂನೆ ಇದೆ. ಅದರಲ್ಲಿ ಟೀಚರ್ ಮೊದಲು ತಮ್ಮನ್ನು ತಾವೇ ಅಳೆದುಕೊಳ್ಳುತ್ತಾರೆ. ಅದನ್ನು ಈ ಹಾಳೆಯ ಪಕ್ಕದಲ್ಲಿಟ್ಟು ಮಾತಾಡಿದರೆ ಮಾತು ಸಲೀಸು.

ಹೆಸರು ಹಾಕಿದ ಪಟ್ಟಿಯನ್ನು ನೋಟಿಸ್ ಬೋರ್ಡಿಗೂ ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಮಕ್ಕಳದ್ದೂ ಬೇಡ, ಶಿಕ್ಷಕರದ್ದೂ ಬೇಡ. 2010ರಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆಯೊಂದು ಸುಮಾರು 6 ಸಾವಿರ ಶಿಕ್ಷಕರ ಸಾಧನೆಯ ಮಟ್ಟವನ್ನು ಹೆಸರು ಸಮೇತ ಪ್ರಕಟಿಸಿ ದೊಡ್ಡ ರಂಪವಾಗಿತ್ತು. ಎಸ್‌ಡಿಎಂಸಿಗೆ ಹೆಸರಿಲ್ಲದ ಲೆಕ್ಕ ಸಾಕು: ಇಷ್ಟು ಜನ ಇಲ್ಲಿದ್ದರು, ಇಷ್ಟು ಜನ ಇಲ್ಲಿಗೆ ಬಂದರು.

ಮಾರ್ಚ್‌ನಲ್ಲಿ ಈ ಹಾಳೆಯ ಒಂದು ಪ್ರತಿಯನ್ನು ಐದನೇ ತರಗತಿಯ ಟೀಚರಿಗೆ ಕೊಡಿ. ಕಿಟಕಿ ಪಕ್ಕದ ಹುಡುಗಿಯ ಸಾಲಿಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ, ಮಳೆ ಜೋರಾಗುವ ಮುಂಚೆ, ಎಲ್ಲರನ್ನೂ ಮತ್ತೊಮ್ಮೆ ಓದಿಸಬೇಕು. ಬೇಸಿಗೆ ರಜೆಯಲ್ಲಿ ಒಂದು ಮೆಟ್ಟಿಲು ಜಾರಿದವರು ಇಬ್ಬರೋ ಮೂವರೋ ಇದ್ದೇ ಇರುತ್ತಾರೆ.