‘ಗೆಳೆಯ’ ಎಂಬ ಹೆಸರಿನ ಮಸೂದೆ ಓದಿದ ಅನುಭವ

ನಾನು ವಿದೇಶಿ ಸುದ್ದಿಗಳನ್ನು ಕನ್ನಡಕ್ಕೆ ತರುವ ಕೆಲಸ ಮಾಡುತ್ತೇನೆ. 2024ರ ಮೇ ತಿಂಗಳಲ್ಲಿ ಅಮೆರಿಕದ ಸಂಸತ್ತಿನಲ್ಲಿ ಒಂದು ಮಸೂದೆ ಮಂಡನೆಯಾಯಿತು. ರಷ್ಯಾದ ಪಕ್ಕದಲ್ಲೇ ಇರುವ ಜಾರ್ಜಿಯಾ ದೇಶ ಮಾಸ್ಕೋದ ಹಿಡಿತಕ್ಕೆ ಸಿಗದ ಹಾಗೆ ನೋಡಿಕೊಳ್ಳಬೇಕು ಅನ್ನುವುದು ಅದರ ಉದ್ದೇಶ. ಹೆಸರು ‘ಮೆಗೊಬಾರಿ’. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ್ದು. ಜಾರ್ಜಿಯನ್ ಭಾಷೆಯಲ್ಲಿ ಆ ಪದಕ್ಕೆ ‘ಗೆಳೆಯ’ ಎಂಬ ಅರ್ಥವಿದೆ. ಇದನ್ನು ಕನ್ನಡ ಓದುಗರಿಗೆ ತಿಳಿಯುವ ಹಾಗೆ ಬರೆದುಕೊಡಿ ಅಂದರು. ಒಂದು ದಿನದ ಕೆಲಸ ಅಂದುಕೊಂಡೆ.

ಮೊದಲ ಕರಡಿನಲ್ಲೇ ಎಡವಿದೆ. ‘ಜಾರ್ಜಿಯಾ ವಿಚಾರದಲ್ಲಿ ಕಾಂಗ್ರೆಸ್ ಗರಂ’ ಅಂತ ತಲೆಬರಹ ಹಾಕಿದ್ದೆ. ಓದಿದ ಗೆಳತಿ, “ಯಾವ ಕಾಂಗ್ರೆಸ್ಸು? ಜಾರ್ಜಿಯಾ ಅಮೆರಿಕದ್ದೇ ರಾಜ್ಯ ಅಲ್ವಾ?” ಅಂದಳು. ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಮೆರಿಕದ ಸಂಸತ್ತಿಗೂ ಕಾಂಗ್ರೆಸ್ ಅಂತಲೇ ಹೆಸರು, ಜಾರ್ಜಿಯಾ ಅನ್ನುವ ರಾಜ್ಯವೂ ಅಲ್ಲಿದೆ. ಅಂದಿನಿಂದ ‘ಅಮೆರಿಕದ ಸಂಸತ್ತು’, ‘ಕೆಳಮನೆ’, ಮೇಲ್ಮನೆಗೆ ‘ಸೆನೆಟ್’ ಅಂತಲೇ ಬರೆಯುತ್ತೇನೆ. ಜಾರ್ಜಿಯಾ ಅಂದ ಕೂಡಲೇ ‘ರಾಜಧಾನಿ ಟಿಬಿಲಿಸಿ’ ಅಂತ ಸೇರಿಸುತ್ತೇನೆ.

ಮಸೂದೆ ಬಿಡಿಸಿಕೊಂಡು ಕೂತಾಗ ಇನ್ನೊಂದು ವಿಷಯ ಗೊತ್ತಾಯಿತು. ಅದನ್ನು ಮಾತ್ರ ಓದಿದರೆ ಏನೂ ಅರ್ಥವಾಗುವುದಿಲ್ಲ. ಅದು ಜಾರ್ಜಿಯಾದ ಇನ್ನೊಂದು ಕಾನೂನಿಗೆ ಕೊಟ್ಟ ಉತ್ತರ. ಶೇ 20ಕ್ಕಿಂತ ಜಾಸ್ತಿ ಹಣ ಹೊರದೇಶದಿಂದ ಪಡೆಯುವ ಸಂಘಸಂಸ್ಥೆಗಳೂ ಮಾಧ್ಯಮಗಳೂ ‘ವಿದೇಶಿ ಶಕ್ತಿಯ ಹಿತಾಸಕ್ತಿಗಾಗಿ ಕೆಲಸ ಮಾಡುವವರು’ ಅಂತ ನೋಂದಾಯಿಸಿಕೊಳ್ಳಬೇಕು ಅನ್ನುವ ಕಾನೂನು ಅದು. 2023ರಲ್ಲಿ ತಂದಾಗ ಜನ ಬೀದಿಗಿಳಿದರು, ಸರ್ಕಾರ ವಾಪಸ್ ಪಡೆಯಿತು. 2024ರಲ್ಲಿ ಮತ್ತೆ ತಂದಿತು. ಜಾರ್ಜಿಯಾದ ಆಗಿನ ಅಧ್ಯಕ್ಷೆ ಸಲೊಮೆ ಜುರಾಬಿಷ್ವಿಲಿ ವೀಟೊ ಹಾಕಿದರು. ಮೇ 28ರಂದು ಅಲ್ಲಿನ ಸಂಸತ್ತು ಆ ವೀಟೊವನ್ನೂ ತಳ್ಳಿಹಾಕಿತು. ಪ್ರತಿಭಟನೆಗೆ ಬಂದವರು ಅದನ್ನು ‘ರಷ್ಯಾದ ಕಾನೂನು’ ಅಂತಲೇ ಕರೆದರು. ರಷ್ಯಾದಲ್ಲಿ 2012ರಿಂದಲೇ ಇಂಥದ್ದೊಂದು ಇದೆ.

ತಮಾಷೆ ನೋಡಿ. ವಿದೇಶಿ ಪ್ರಭಾವ ತಡೆಯುತ್ತೇವೆ ಅಂತ ಹೇಳುತ್ತಿದ್ದವರು ಎರಡೂ ಕಡೆಯವರು. ನನ್ನ ಎರಡನೇ ಕರಡಿನಲ್ಲಿ ಯಾವ ಕಾನೂನು ಯಾರದು ಅಂತ ನನಗೇ ಗೊಂದಲವಾಗುವಷ್ಟು ‘ವಿದೇಶಿ ಪ್ರಭಾವ’ ಇತ್ತು! ಕೊನೆಗೆ ಆ ಪದಗಳನ್ನೇ ತೆಗೆದುಹಾಕಿದೆ. ಯಾರು, ಯಾರ ಮೇಲೆ, ಏನು ಮಾಡುತ್ತಾರೆ ಅಂತ ನೇರವಾಗಿ ಬರೆದೆ.

ಆಮೇಲೆ ಕ್ರಿಯಾಪದಗಳು. ಮಸೂದೆ ಓದುವವರು ಗಮನವಿಟ್ಟು ನೋಡಬೇಕಾದದ್ದು ಇವನ್ನೇ ಅಂತ ನನ್ನ ಅಭಿಪ್ರಾಯ. ಇಂಗ್ಲಿಷ್ ಕಾನೂನಿನಲ್ಲಿ ‘ಶಲ್’ ಅಂದರೆ ಮಾಡಲೇಬೇಕು, ‘ಶುಡ್’ ಅಂದರೆ ಮಾಡಿದರೆ ಒಳ್ಳೆಯದು, ‘ಮೇ’ ಅಂದರೆ ಬೇಕಿದ್ದರೆ ಮಾಡಬಹುದು. ನಮ್ಮ ಕಾನೂನು ಕನ್ನಡದಲ್ಲಿ ‘ತಕ್ಕದ್ದು’ ಅಂತ ಒಂದಿದೆ ನೋಡಿ, ‘ಸಲ್ಲಿಸತಕ್ಕದ್ದು’, ‘ವಿಧಿಸತಕ್ಕದ್ದು’. ಓದಲು ಒಣಒಣ ಅನ್ನಿಸಿದರೂ ‘ಶಲ್’ಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಿಲ್ಲ. ಮಸೂದೆಯ ಪ್ರತಿ ಮುದ್ರಿಸಿಕೊಂಡು ಮೂರು ಬಣ್ಣದ ಪೆನ್ನಿನಲ್ಲಿ ಈ ಮೂರಕ್ಕೂ ಗುರುತು ಹಾಕಿದೆ. ‘ಸೆನ್ಸ್ ಆಫ್ ಕಾಂಗ್ರೆಸ್’ ಅಂತ ಒಂದು ಭಾಗ ಇತ್ತು. ಮೊದಲು ‘ಕಾಂಗ್ರೆಸ್ಸಿನ ಪ್ರಜ್ಞೆ’ ಅಂತ ಬರೆದಿದ್ದೆ, ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಅದು ಸಂಸತ್ತಿನ ಅನಿಸಿಕೆ, ಅಷ್ಟೇ. ಅದರಿಂದ ಯಾರಿಗೂ ಯಾವ ಕಟ್ಟುಪಾಡೂ ಬರುವುದಿಲ್ಲ.

ಬಣ್ಣ ಹಾಕಿ ಮುಗಿಸಿದಾಗ ಮಸೂದೆಯ ಮೈಕಟ್ಟು ಕಾಣಿಸಿತು. ಸುದ್ದಿಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ನಿರ್ಬಂಧಗಳ ಬಗ್ಗೆ. ಪ್ರಜಾಪ್ರಭುತ್ವ ಹಾಳುಮಾಡುವವರಿಗೆ ವೀಸಾ ಇಲ್ಲ, ಆಸ್ತಿಗೆ ತಡೆ. ಆದರೆ ತಮ್ಮ ದೇಶದ ಹಿತಕ್ಕೆ ಅನ್ನಿಸಿದರೆ ಅಮೆರಿಕದ ಅಧ್ಯಕ್ಷರು ವಿನಾಯಿತಿ ಕೊಡಲು ದಾರಿಯನ್ನೂ ಅದರಲ್ಲೇ ಬಿಟ್ಟಿದ್ದಾರೆ. ಜೊತೆಗೆ ವರದಿ ಕೇಳುವ ಭಾಗಗಳಿವೆ. ರಷ್ಯಾದ ಗುಪ್ತಚರರು ಜಾರ್ಜಿಯಾದೊಳಗೆ ಎಷ್ಟು ಬೇರುಬಿಟ್ಟಿದ್ದಾರೆ ಅನ್ನುವ ವರದಿ, ಚೀನಾದ ಪ್ರಭಾವದ ಬಗ್ಗೆ ಅನುಬಂಧ, ಐದು ವರ್ಷದ ಕಾರ್ಯತಂತ್ರ. ಇನ್ನೊಂದು ಕಡೆ ಬೆಲ್ಲವೂ ಇದೆ. ಜಾರ್ಜಿಯಾ ದಾರಿಗೆ ಬಂದರೆ ವ್ಯಾಪಾರ, ವೀಸಾ, ರಕ್ಷಣಾ ನೆರವು. ಈ ಭಾಗವನ್ನು ಹೆಚ್ಚಿನ ವರದಿಗಳು ಬಿಟ್ಟೇಬಿಟ್ಟಿದ್ದವು.

ನಿರ್ಬಂಧಕ್ಕೆ ಈ ಮಸೂದೆಯೇ ಬೇಕಿರಲಿಲ್ಲ ಅನ್ನುವುದು ಡಿಸೆಂಬರಿನಲ್ಲಿ ತಿಳಿಯಿತು. ನವೆಂಬರ್ 28ರಂದು ಜಾರ್ಜಿಯಾದ ಪ್ರಧಾನಿ ಇರಾಕ್ಲಿ ಕೊಬಾಖಿಜೆ, ಐರೋಪ್ಯ ಒಕ್ಕೂಟ ಸೇರುವ ಮಾತುಕತೆ 2028ರ ಕೊನೆಯವರೆಗೆ ಬೇಡ ಅಂದರು. ಟಿಬಿಲಿಸಿಯ ರುಸ್ತಾವೆಲಿ ಬೀದಿ ಮತ್ತೆ ತುಂಬಿತು. ಡಿಸೆಂಬರ್ 27ರಂದು ಅಮೆರಿಕ ಸರ್ಕಾರ, ಜಾರ್ಜಿಯಾದ ಆಡಳಿತ ಪಕ್ಷ ‘ಜಾರ್ಜಿಯನ್ ಡ್ರೀಮ್’ ಕಟ್ಟಿದ ಕೋಟ್ಯಧಿಪತಿ ಬಿದ್ಜಿನಾ ಇವಾನಿಷ್ವಿಲಿ ಮೇಲೆ ನಿರ್ಬಂಧ ಹೇರಿತು. ಮಸೂದೆ ಇನ್ನೂ ಅಂಗೀಕಾರವೇ ಆಗಿರಲಿಲ್ಲ! ಅಧ್ಯಕ್ಷರ ಕೈಯಲ್ಲಿ ಅಧಿಕಾರ ಮೊದಲೇ ಇತ್ತು. ಯಾವ ಅಧ್ಯಕ್ಷ ಬಂದರೂ ಜಾರ್ಜಿಯಾವನ್ನು ಮರೆಯದ ಹಾಗೆ ಸಂಸತ್ತು ಒಂದು ಕೊಕ್ಕೆ ಹಾಕಿಡಲು ಹೊರಟಿದೆ ಅಂತ ನನಗೆ ಆಗ ಅನ್ನಿಸಿತು.

ನನ್ನ ದೊಡ್ಡ ಪೆದ್ದುತನ ಜನವರಿಯದು. ದಿನಾ ಬೆಳಿಗ್ಗೆ ಮಸೂದೆಯ ಪುಟ ತೆರೆದು ನೋಡುತ್ತಿದ್ದೆ. ಏನೂ ಬದಲಾಗುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದೆ. ಆಮೇಲೆ ಹೊಳೆಯಿತು, 2025ರ ಜನವರಿ 3ಕ್ಕೆ ಹಳೆಯ ಸಂಸತ್ತಿನ ಅವಧಿ ಮುಗಿದಿತ್ತು. ಆ ಅವಧಿಯಲ್ಲಿ ಪಾಸಾಗದ ಮಸೂದೆ ಅಲ್ಲಿಗೇ ಸತ್ತಹಾಗೆ. ದಕ್ಷಿಣ ಕ್ಯಾರೊಲಿನಾ ರಾಜ್ಯದ ಸಂಸದ ಜೋ ವಿಲ್ಸನ್ ಅದನ್ನು ಹೊಸ ಸಂಖ್ಯೆಯಲ್ಲಿ, ಎಚ್.ಆರ್. 36 ಅಂತ, ಮತ್ತೆ ಮಂಡಿಸಿದ್ದರು. ನಾನು ಹೆಣದ ನಾಡಿ ಹಿಡಿದು ಕೂತಿದ್ದೆ.

2025ರ ಮೇ 5ರಂದು ಕೆಳಮನೆ ಅದನ್ನು 349–42 ಮತಗಳಿಂದ ಒಪ್ಪಿತು. ರಾತ್ರಿಯೇ ನನ್ನ ಬರಹ ಕಳಿಸಿದೆ. ಬೆಳಿಗ್ಗೆ ನೋಡಿದರೆ ಮೇಲೆ ದಪ್ಪಕ್ಷರದಲ್ಲಿ ‘ಅಮೆರಿಕದಿಂದ ಹೊಸ ಕಾನೂನು’. ಸೆನೆಟ್ ಅದಕ್ಕೆ ಒಪ್ಪಿಗೆ ಕೊಡುವುದು ಬಾಕಿ ಇತ್ತು, ಅಧ್ಯಕ್ಷರ ಸಹಿಯಂತೂ ಇನ್ನೂ ದೂರ. ಫೋನ್ ಮಾಡಿ ಜಗಳವಾಡಿ ‘ಕೆಳಮನೆ ಒಪ್ಪಿಗೆ, ಸೆನೆಟ್ ಬಾಕಿ’ ಅಂತ ಬದಲಾಯಿಸುವಂತೆ ಮಾಡಿದೆ. “ಇದನ್ನ ಯಾರು ಓದ್ತಾರೆ?” ಅಂದರು ಆ ಕಡೆಯವರು. ಹೆಚ್ಚು ಜನ ಓದಲಿಲ್ಲ, ನಿಜ.